ಡೇರಿ ಅಧ್ಯಕ್ಷರು, ಅಮೆರಿಕದ ಅಧ್ಯಕ್ಷರು

ಪೌರತ್ವದ ಪರೀಕ್ಷೆಗೆ ಓದುತ್ತಿದ್ದಾಗ ಒಂದು ಪುಟ ನೋಡಿ ಖುಷಿಪಟ್ಟಿದ್ದೆ. ಆಗಿನ ಪಟ್ಟಿಯಲ್ಲಿ 100 ಪ್ರಶ್ನೆಗಳಿದ್ದವು. ಅಧಿಕಾರಿ ಅದರಲ್ಲಿ 10 ಕೇಳುತ್ತಿದ್ದರು, 6ಕ್ಕೆ ಸರಿ ಹೇಳಿದರೆ ಆಗ ಪಾಸು. 69ನೇ ಪ್ರಶ್ನೆ: ದೇಶದ ಪಿತ ಯಾರು? 70ನೇ ಪ್ರಶ್ನೆ: ಮೊದಲ ಅಧ್ಯಕ್ಷ ಯಾರು? ಎರಡಕ್ಕೂ ಜಾರ್ಜ್ ವಾಷಿಂಗ್ಟನ್. ಒಂದು ಹೆಸರು ಬಾಯಿಪಾಠ ಮಾಡಿದರೆ ಎರಡು ಮಾರ್ಕ್ಸು. ಮಂಡ್ಯ ಜಿಲ್ಲೆಯ ಸರ್ಕಾರಿ ಶಾಲೆಯಲ್ಲಿ ಓದಿ ಬಂದವಳಿಗೆ ಇನ್ನೇನು ಬೇಕು? ಪರೀಕ್ಷೆ ಪಾಸಾಯಿತು, ವಾಷಿಂಗ್ಟನ್ ಮರೆತುಹೋದರು. ಒಂದು ಡಾಲರ್ ನೋಟಿನ ಮೇಲೆ ಅಷ್ಟು ವರ್ಷ ಕಂಡರೂ ಮುಖ ನೋಡಿರಲಿಲ್ಲ.

ಮತ್ತೆ ಸಿಕ್ಕಿದ್ದು ಒಂದು ಚಳಿಗಾಲದಲ್ಲಿ. ನಾವಿರುವುದು ಉತ್ತರ ವರ್ಜೀನಿಯಾದಲ್ಲಿ. ಮಗಳ ಚೆಸ್ ಕ್ಲಾಸು ಲೈಬ್ರರಿಯ ಮಹಡಿ ಮೇಲೆ. ಕೆಳಗಿನ ಹಾಲ್‌ನಲ್ಲಿ ಅದೇ ಹೊತ್ತಿಗೆ ಐದು ಗುರುವಾರ ಉಚಿತ ಉಪನ್ಯಾಸ, ಅಮೆರಿಕದ ಅಧ್ಯಕ್ಷ ಪದವಿ ಹುಟ್ಟಿದ ಕಥೆ. ನಾನು ಹೋಗಿ ಕೂತದ್ದು ಜ್ಞಾನದ ಹಸಿವಿನಿಂದೇನಲ್ಲ. ಕಾರಿನಲ್ಲಿ ಕೂತರೆ ಚಳಿ, ಒಳಗೆ ಬಿಸಿ ಕಾಫಿ. ಮಡಚುವ ಕುರ್ಚಿಗಳು, ನಲವತ್ತು ಜನ, ಹೆಚ್ಚಿನವರು ಎಪ್ಪತ್ತು ದಾಟಿದವರು. ನನ್ನ ಪಕ್ಕದ ತಾತ ಮೊದಲ ದಿನವೇ ನಿದ್ದೆ ಹೋದರು, ಪ್ರಶ್ನೋತ್ತರಕ್ಕೆ ಸರಿಯಾಗಿ ಎದ್ದರು. ಅದೂ ಒಂದು ಕಲೆ.

ಈ ದೇಶದವರಿಗೆ ಇದು ಹಳೇ ಚಾಳಿ. 1826ರಲ್ಲಿ ಮ್ಯಾಸಚೂಸೆಟ್ಸ್‌ನ ಮಿಲ್‌ಬರಿ ಎಂಬ ಊರಿನಲ್ಲಿ ಜೋಸಾಯಾ ಹಾಲ್‌ಬ್ರೂಕ್ ಎನ್ನುವವರು 'ಲೈಸಿಯಂ' ಅಂತ ಶುರು ಮಾಡಿದರು. ಊರವರೇ ಸೇರಿ ಉಪನ್ಯಾಸ ಇಡಿಸೋದು, ಊರವರೇ ಬಂದು ಕೇಳೋದು. ಅದು ಬೇಗ ಊರೂರಿಗೂ ಹಬ್ಬಿತು. ನಮ್ಮ ಪಕ್ಕದ ಅಲೆಕ್ಸಾಂಡ್ರಿಯಾದಲ್ಲಿ 1839ರಲ್ಲಿ ಕಟ್ಟಿದ ಲೈಸಿಯಂ ಕಟ್ಟಡ ಈಗಲೂ ಇದೆ. ನಮ್ಮಲ್ಲಿ ಹರಿಕಥೆಗೆ ಜನ ಸೇರುತ್ತಿದ್ದರಲ್ಲ, ಹಾಗೆ. ಹರಿಕಥೆಯಲ್ಲಿ ಹಾಡಾದರೂ ಇರುತ್ತೆ, ಅದು ಬೇರೆ ಮಾತು.

ಮೊದಲ ಗುರುವಾರ ಪ್ರೊಫೆಸರಮ್ಮ ಮಾತು ಶುರು ಮಾಡಿದ್ದು ಯಾರೂ ಮಾತಾಡದ ಒಂದು ಗಳಿಗೆಯಿಂದ. 1787ರ ಜೂನ್ 1, ಫಿಲಡೆಲ್ಫಿಯಾ. ಸಂವಿಧಾನ ಬರೆಯಲು ಬಂದವರು ಬಾಗಿಲು ಹಾಕಿಕೊಂಡು ಕೂತಿದ್ದಾರೆ. ಒಳಗಿನ ಮಾತು ಹೊರಗೆ ಹೋಗಬಾರದು ಅಂತ ನಿಯಮ. ಪೆನ್ಸಿಲ್ವೇನಿಯಾದ ಜೇಮ್ಸ್ ವಿಲ್ಸನ್ ಎದ್ದು, ದೇಶದ ಆಡಳಿತ ಒಬ್ಬನೇ ವ್ಯಕ್ತಿಯ ಕೈಯಲ್ಲಿರಲಿ ಎಂದರು. ಅಷ್ಟೇ, ಸಭೆ ಗಪ್‌ಚುಪ್. ಜೇಮ್ಸ್ ಮ್ಯಾಡಿಸನ್ ದಿನಾ ನಡೆದದ್ದನ್ನು ಬರೆದುಕೊಳ್ಳುತ್ತಿದ್ದರು. ಒಳ್ಳೇ ಹೊತ್ತು ಯಾರೂ ಬಾಯಿ ಬಿಡಲಿಲ್ಲ ಎಂಬುದನ್ನೂ ಬರೆದಿಟ್ಟಿದ್ದಾರೆ. ಕೊನೆಗೆ 81 ವರ್ಷದ ಬೆಂಜಮಿನ್ ಫ್ರಾಂಕ್ಲಿನ್, ಇದು ದೊಡ್ಡ ವಿಷಯ, ಮತಕ್ಕೆ ಹಾಕುವ ಮುಂಚೆ ಎಲ್ಲರೂ ಮನಸ್ಸಿನಲ್ಲಿದ್ದದ್ದು ಹೇಳಿ ಅಂತ ಎಬ್ಬಿಸಬೇಕಾಯಿತು.

ಯಾಕೆ ಸುಮ್ಮನಿದ್ದರು? ಒಬ್ಬ ರಾಜನ ಜೊತೆ ಯುದ್ಧ ಮುಗಿದು ನಾಲ್ಕೇ ವರ್ಷ ಆಗಿತ್ತು. ಮತ್ತೆ ಒಬ್ಬನ ಕೈಗೆ ಎಲ್ಲ ಕೊಡೋದು ಅಂದರೆ ಹೆದರಿಕೆ. ಅದಕ್ಕಿಂತ ದೊಡ್ಡ ಇಕ್ಕಟ್ಟು, ಆ ಒಬ್ಬ ಯಾರಾಗಬಹುದು ಅಂತ ಎಲ್ಲರಿಗೂ ಗೊತ್ತಿತ್ತು, ಅವರು ಅದೇ ಕೋಣೆಯಲ್ಲಿದ್ದರು. ಗಂಡು ಎದುರಿಗೇ ಕೂತಿರುವಾಗ ಹೆಣ್ಣಿನ ಕಡೆಯವರು ಗಂಡಿನ ಐಬು ಮಾತಾಡೋದು ಹೇಗೆ ಹೇಳಿ!

ವಾಷಿಂಗ್ಟನ್ ಆ ಸಭೆಯ ಅಧ್ಯಕ್ಷರು. ಫಿಲಡೆಲ್ಫಿಯಾಕ್ಕೆ ಹೋದರೆ ಅವರು ಕೂರುತ್ತಿದ್ದ ಕುರ್ಚಿಯನ್ನು ಈಗಲೂ ತೋರಿಸುತ್ತಾರೆ, ಒರಗುವ ಕಡೆ ಅರ್ಧ ಸೂರ್ಯ ಕೆತ್ತಿದೆ. ಆದರೆ ಆ ದಿನ ಅವರು ಆ ಕುರ್ಚಿಯಲ್ಲಿ ಇರಲಿಲ್ಲ ಅಂತ ಪ್ರೊಫೆಸರಮ್ಮ ಒತ್ತಿ ಹೇಳಿದರು. ಇಡೀ ಸಭೆ ಸಮಿತಿಯಾಗಿ ಕೂತಾಗ ನೆಥಾನಿಯಲ್ ಗೋರ್‌ಹ್ಯಾಮ್ ಎಂಬವರು ಕುರ್ಚಿ ಹಿಡಿಯುತ್ತಿದ್ದರು. ವಾಷಿಂಗ್ಟನ್ ಕೆಳಗಿಳಿದು ವರ್ಜೀನಿಯಾದವರ ಜೊತೆ ಒಬ್ಬರಾಗಿ ಕೂರುತ್ತಿದ್ದರು. ಅದೇ ವರ್ಜೀನಿಯಾದ ಎಡ್ಮಂಡ್ ರಾಂಡಾಲ್ಫ್ ಎದ್ದು, ಒಬ್ಬನೇ ಬೇಡ, ಇದು ರಾಜಪ್ರಭುತ್ವದ ಭ್ರೂಣ ಅಂದುಬಿಟ್ಟರು. ಬೇರೆ ಬೇರೆ ಭಾಗದಿಂದ ಮೂವರು ಇರಲಿ ಅನ್ನೋದು ಅವರ ವಾದ. ಜೂನ್ 4ರಂದು ಮತಕ್ಕೆ ಬಂದಾಗ 7 ರಾಜ್ಯ ಒಬ್ಬನೇ ಸಾಕು ಎಂದವು, 3 ಬೇಡ ಎಂದವು. ವರ್ಜೀನಿಯಾದವರಲ್ಲಿ ಯಾರು ಏನಂದರು ಅನ್ನೋದು ಮ್ಯಾಡಿಸನ್ ಟಿಪ್ಪಣಿಯಲ್ಲಿದೆ. ರಾಂಡಾಲ್ಫ್ ಬೇಡ. ವಾಷಿಂಗ್ಟನ್ ಬೇಕು.

ಇದೇ ರಾಂಡಾಲ್ಫ್ ಎರಡು ವರ್ಷದ ಮೇಲೆ ವಾಷಿಂಗ್ಟನ್ ಸರ್ಕಾರದ ಮೊದಲ ಅಟಾರ್ನಿ ಜನರಲ್ ಆದರು. ರಾಜಕೀಯ ಎಲ್ಲಾ ಕಡೆ ಒಂದೇ, ಅಲ್ವಾ?

ದಕ್ಷಿಣ ಕೆರೊಲಿನಾದ ಪಿಯರ್ಸ್ ಬಟ್ಲರ್ ಮರುವರ್ಷ ಒಂದು ಕಾಗದದಲ್ಲಿ ಇದರ ಗುಟ್ಟು ಬಿಟ್ಟುಕೊಟ್ಟಿದ್ದಾರೆ. ಅನೇಕ ಸದಸ್ಯರ ಕಣ್ಣು ವಾಷಿಂಗ್ಟನ್ ಮೇಲೆ ಇರದಿದ್ದರೆ ಅಧ್ಯಕ್ಷನಿಗೆ ಇಷ್ಟು ಅಧಿಕಾರ ಕೊಡುತ್ತಿರಲಿಲ್ಲ ಅಂತ ಅದರ ಸಾರ. ಅಂದರೆ ಒಬ್ಬರ ಅಳತೆ ತೆಗೆದು ಅಂಗಿ ಹೊಲಿದರು. ಆಮೇಲೆ ಬಂದವರೆಲ್ಲ ಅದೇ ಅಂಗಿ ತೊಟ್ಟರು. ಯಾರಿಗೆ ಸಡಿಲ, ಯಾರಿಗೆ ಬಿಗಿ ಅನ್ನೋದೇ 230 ವರ್ಷಗಳ ಅಮೆರಿಕದ ಜಗಳ ಅಂತ ನನಗೆ ಅನ್ನಿಸುತ್ತದೆ.

ಎರಡನೇ ಗುರುವಾರದ ವಿಷಯ ಕೇಳಿ ನಾನು ಜೋರಾಗಿ ನಕ್ಕುಬಿಟ್ಟೆ. ತಾತನ ನಿದ್ದೆ ಕೆಟ್ಟಿತು.

1789ರ ವಸಂತ, ನ್ಯೂಯಾರ್ಕ್. ಮೊದಲ ಕಾಂಗ್ರೆಸ್, ಅಂದರೆ ಇಲ್ಲಿನ ಸಂಸತ್ತು, ಸೇರಿದೆ. ದೇಶದ ತುಂಬಾ ಸಾಲ, ಕೈಯಲ್ಲಿ ಕಾಸಿಲ್ಲ. ಅಂಥ ಹೊತ್ತಿನಲ್ಲಿ ಅದರ ಮೇಲ್ಮನೆ ಸೆನೆಟ್ ವಾರಗಟ್ಟಲೆ ಜಗಳ ಆಡಿದ್ದು ಅಧ್ಯಕ್ಷರನ್ನು ಏನಂತ ಕರೆಯಬೇಕು ಅನ್ನೋದರ ಮೇಲೆ. ಉಪಾಧ್ಯಕ್ಷ ಜಾನ್ ಆಡಮ್ಸ್‌ಗೆ ಬರೀ 'ಪ್ರೆಸಿಡೆಂಟ್' ಸಾಲದು. ಬೆಂಕಿ ಆರಿಸುವ ಕಂಪನಿಗೂ ಪ್ರೆಸಿಡೆಂಟ್ ಇರ್ತಾನೆ, ಕ್ರಿಕೆಟ್ ಕ್ಲಬ್ಬಿಗೂ ಇರ್ತಾನೆ ಅಂತ ಅವರು ಗೊಣಗಿದ್ದನ್ನು ಪೆನ್ಸಿಲ್ವೇನಿಯಾದ ಸೆನೆಟರ್ ವಿಲಿಯಂ ಮ್ಯಾಕ್ಲೇ ತನ್ನ ಡೈರಿಯಲ್ಲಿ ಬರೆದುಕೊಂಡಿದ್ದಾರೆ. ಸೆನೆಟ್ ಸಮಿತಿ ಕೊನೆಗೆ ಒಂದು ಬಿರುದು ತಯಾರು ಮಾಡಿತು. ಕನ್ನಡಕ್ಕೆ ತಂದರೆ ಹೀಗಾಗುತ್ತದೆ: ಅಮೆರಿಕ ಸಂಯುಕ್ತ ಸಂಸ್ಥಾನಗಳ ಅಧ್ಯಕ್ಷರೂ ಅವುಗಳ ಸ್ವಾತಂತ್ರ್ಯದ ರಕ್ಷಕರೂ ಆದ ಮಹಾಪ್ರಭುಗಳು. ನಮ್ಮ ಕಡೆ ಸಮುದಾಯ ಭವನದ ಉದ್ಘಾಟನೆಯ ಆಹ್ವಾನ ಪತ್ರಿಕೆ ಇದ್ದ ಹಾಗಿದೆ. ಕೆಳಮನೆಯವರು ಒಪ್ಪಲಿಲ್ಲ. ಸಂವಿಧಾನದಲ್ಲಿ ಇರುವಷ್ಟೇ ಸಾಕು ಎಂದರು. ಹಾಗೆ 'ಮಿಸ್ಟರ್ ಪ್ರೆಸಿಡೆಂಟ್' ಉಳಿಯಿತು. ದಪ್ಪಗಿದ್ದ ಆಡಮ್ಸ್‌ಗೆ ಮಾತ್ರ ವಿರೋಧಿಗಳು 'ಗುಂಡು ಮಹಾಪ್ರಭು' ಅನ್ನುವ ಅರ್ಥದ ಬಿರುದು ಕೊಟ್ಟರು.

ನಾನು ನಕ್ಕಿದ್ದು ಅಪ್ಪನನ್ನು ನೆನೆದು. ಅಪ್ಪ ಎರಡು ಅವಧಿ ನಮ್ಮೂರ ಹಾಲಿನ ಸೊಸೈಟಿಯ ಅಧ್ಯಕ್ಷರಾಗಿದ್ದರು. ಬೆಳಗ್ಗೆ ಆರಕ್ಕೆ ಕ್ಯಾನುಗಳ ಸದ್ದು, ಫ್ಯಾಟ್ ಕಡಿಮೆ ಬಂತು ಅಂತ ಜಗಳ, ನಡುವೆ ಒಂದು ಮರದ ಕುರ್ಚಿಯಲ್ಲಿ ಅಪ್ಪ. ಎರಡನೇ ಅವಧಿ ಮುಗಿದ ಮೇಲೂ ಊರವರು ಅವರನ್ನು ಕರೆಯುತ್ತಿದ್ದುದು 'ಅಧ್ಯಕ್ಷರೇ' ಅಂತಲೇ. ತೀರಿಕೊಂಡಾಗ ಹಾಕಿದ ಬ್ಯಾನರಿನಲ್ಲೂ 'ಮಾಜಿ ಅಧ್ಯಕ್ಷರು'. ನಮ್ಮ ಪೇಪರುಗಳು ದೆಹಲಿಯಲ್ಲಿರುವವರಿಗೆ ರಾಷ್ಟ್ರಪತಿ ಅನ್ನುತ್ತವೆ. ಅಮೆರಿಕದವರಿಗೆ ಬರೀ ಅಧ್ಯಕ್ಷ. ಆಡಮ್ಸ್ ಯಾವುದಕ್ಕೆ ಹೆದರಿದ್ದರೋ ಅದನ್ನೇ ಕನ್ನಡ ಮಾಡಿಬಿಟ್ಟಿದೆ. ಡೇರಿಯವರಿಗೂ ಅದೇ ಪದ, ಜಗತ್ತಿನ ದೊಡ್ಡಣ್ಣನಿಗೂ ಅದೇ ಪದ. ನನಗೇನೋ ಇದು ಸರಿಯಾಗೇ ಇದೆ ಅನ್ನಿಸುತ್ತದೆ.

ಇನ್ನೊಂದು ವಿಷಯ. ಇಲ್ಲಿ ಮಾಜಿಗಳನ್ನೂ 'ಮಿಸ್ಟರ್ ಪ್ರೆಸಿಡೆಂಟ್' ಅಂತ ಕರೆಯುವ ರೂಢಿ ಇದೆ, ನಮ್ಮೂರ ಹಾಗೆ. ಆದರೆ ವಾಷಿಂಗ್ಟನ್ ಪದವಿ ಬಿಟ್ಟು ಮನೆಗೆ ಹೋದ ಮೇಲೆ ಜನ ಕರೆಯುತ್ತಿದ್ದುದು 'ಜನರಲ್' ಅಂತ.

ಮೂರನೇ ವಾರ ಪರದೆ ಮೇಲೆ ಜಾನ್ ಟ್ರಂಬಲ್ ಬರೆದ ಚಿತ್ರ ಬಂತು. ಯಾರ್ಕ್‌ಟೌನ್‌ನಲ್ಲಿ 1781ರ ಅಕ್ಟೋಬರ್ 19ರಂದು ಬ್ರಿಟಿಷ್ ಸೇನಾಪತಿ ಕಾರ್ನ್‌ವಾಲಿಸ್ ವಾಷಿಂಗ್ಟನ್ ಪಡೆಗೆ ಶರಣಾದ ಚಿತ್ರ. ಹೆಸರಿನಲ್ಲಿ ಕಾರ್ನ್‌ವಾಲಿಸ್ ಇದ್ದಾನೆ, ಚಿತ್ರದಲ್ಲಿ ಇಲ್ಲ. ಮೈ ಹುಷಾರಿಲ್ಲ ಅಂತ ಹೇಳಿ ಕತ್ತಿ ಒಪ್ಪಿಸಲು ತನ್ನ ಕೈಕೆಳಗಿನ ಓ'ಹಾರಾ ಎಂಬವನನ್ನು ಕಳಿಸಿದ್ದ. ಹಾಲ್‌ನಲ್ಲಿ ಎಲ್ಲರೂ ನಕ್ಕರು. ಅವರ ಪಾಲಿಗೆ ಅವನ ಕಥೆ ಅಲ್ಲಿಗೆ ಮುಗಿಯಿತು.

ನನ್ನ ಪಾಲಿಗೆ ಅಲ್ಲಿಂದ ಶುರು. ಬೇಸಿಗೆ ರಜೆಗೆ ಶ್ರೀರಂಗಪಟ್ಟಣದ ಅಜ್ಜಿ ಮನೆಗೆ ಹೋಗುತ್ತಿದ್ದವಳು ನಾನು. ಶರಣಾದ ಐದು ವರ್ಷದ ಮೇಲೆ ಇದೇ ಕಾರ್ನ್‌ವಾಲಿಸ್ ಗವರ್ನರ್ ಜನರಲ್ ಆಗಿ ಬಂಗಾಳಕ್ಕೆ ಬಂದ. 1792ರಲ್ಲಿ ಶ್ರೀರಂಗಪಟ್ಟಣಕ್ಕೆ ಮುತ್ತಿಗೆ ಹಾಕಿ ಟಿಪ್ಪುವಿನ ಅರ್ಧ ರಾಜ್ಯ, 3 ಕೋಟಿ 30 ಲಕ್ಷ ರೂಪಾಯಿ ಮತ್ತು ಒತ್ತೆಯಾಗಿ ಇಬ್ಬರು ಗಂಡುಮಕ್ಕಳನ್ನು ಕೇಳಿ ಪಡೆದ. ಆ ದಿನ ಪ್ರಶ್ನೋತ್ತರದಲ್ಲಿ ಕೈ ಎತ್ತಿದೆ. ಪ್ರಶ್ನೆ ಏನೂ ಇರಲಿಲ್ಲ, ಈ ಕಥೆ ಹೇಳಿದೆ ಅಷ್ಟೇ. ಪ್ರೊಫೆಸರಮ್ಮ ಖುಷಿಯಿಂದ ಇನ್ನೊಂದು ಸೇರಿಸಿದರು. 1782ರಲ್ಲಿ ಪೆನ್ಸಿಲ್ವೇನಿಯಾದವರ ಒಂದು ಯುದ್ಧನೌಕೆಯ ಹೆಸರೇ 'ಹೈಡರ್ ಆಲಿ'. ಆ ಏಪ್ರಿಲ್‌ನಲ್ಲಿ ಅದು ಡೆಲವೇರ್ ಕೊಲ್ಲಿಯಲ್ಲಿ 'ಜನರಲ್ ಮಂಕ್' ಎಂಬ ಬ್ರಿಟಿಷ್ ಹಡಗನ್ನು ಹಿಡಿದಿತ್ತು. ನಮ್ಮ ಹೈದರಾಲಿ ಆಗ ಇನ್ನೂ ಬದುಕಿದ್ದ, ಅದೇ ಬ್ರಿಟಿಷರ ಜೊತೆ ಕಾದಾಡುತ್ತಿದ್ದ. ಶತ್ರುವಿನ ಶತ್ರು ಅಂತ ಇಷ್ಟು ದೂರದಲ್ಲಿ ಹೆಸರಿಟ್ಟಿದ್ದಾರೆ! ತಾತ ಕಣ್ಣರಳಿಸಿ ನನ್ನ ಕಡೆ ನೋಡಿದರು. ಅವತ್ತಿನಿಂದ ನನಗೂ ಒಂದು ಕುಕಿ ತಂದುಕೊಡುತ್ತಿದ್ದರು.

ಪ್ರಮಾಣವಚನದ ಕಥೆ ಎಲ್ಲ ಪುಸ್ತಕದಲ್ಲೂ ಇದೆ, ಬೇಗ ಹೇಳಿಬಿಡುತ್ತೇನೆ. ನನಗೆ ಹಿಡಿಸಿದ್ದು ಅದರ ಹಿಂದಿನ ದಿನಗಳು. ವಾಷಿಂಗ್ಟನ್ ಬಳಿ ಸಾವಿರಾರು ಎಕರೆ ಭೂಮಿ ಇತ್ತು, ಕೈಯಲ್ಲಿ ನಗದು ಇರಲಿಲ್ಲ. ಸಾಲ ತೀರಿಸಿಕೊಂಡು ನ್ಯೂಯಾರ್ಕಿಗೆ ಹೊರಡಲು ಅಲೆಕ್ಸಾಂಡ್ರಿಯಾದ ರಿಚರ್ಡ್ ಕಾನ್ವೇ ಹತ್ತಿರ ಸಾಲ ಎತ್ತಬೇಕಾಯಿತು. ಜಮೀನ್ದಾರರ ಪಾಡು ನಮಗೆ ಹೊಸದೇನಲ್ಲ. 1789ರ ಏಪ್ರಿಲ್ 1ರಂದು ಹಳೆಯ ಸೇನಾ ಗೆಳೆಯ ಹೆನ್ರಿ ನಾಕ್ಸ್‌ಗೆ ಬರೆದ ಕಾಗದದಲ್ಲಿ, ಸರ್ಕಾರದ ಕುರ್ಚಿಯ ಕಡೆ ಹೋಗುವಾಗ ಗಲ್ಲಿಗೆ ಹೋಗುವ ಅಪರಾಧಿಯ ಹಾಗೆ ಅನ್ನಿಸುತ್ತಿದೆ ಎಂದರು. ಹೌದು, ಕುರ್ಚಿ ಅಂತಲೇ ಬರೆದಿದ್ದಾರೆ. ಅಧಿಕಾರಕ್ಕೆ ಕುರ್ಚಿ ಅನ್ನೋದು ನಮ್ಮವರ ಮಾತು ಅಂದುಕೊಂಡಿದ್ದೆ. ಏಪ್ರಿಲ್ 30ರಂದು ಫೆಡರಲ್ ಹಾಲ್‌ನ ಬಾಲ್ಕನಿಯಲ್ಲಿ ಪ್ರಮಾಣ ಆಯಿತು. ಮೈಮೇಲೆ ಕನೆಕ್ಟಿಕಟ್‌ನ ಹಾರ್ಟ್‌ಫರ್ಡ್‌ನಲ್ಲಿ ನೇಯ್ದ ಕಂದು ಬಟ್ಟೆಯ ಸೂಟು. ಸ್ವದೇಶಿ! ಒಳಗೆ ಬಂದು ಭಾಷಣ ಓದುವಾಗ ಅವರಿಗೆ ಕೈ ನಡುಗಿತು ಅಂತ ಅದೇ ಮ್ಯಾಕ್ಲೇ ಬರೆಯುತ್ತಾರೆ. ಫಿರಂಗಿಯ ಬಾಯಿಗೂ ಅಷ್ಟು ಹೆದರಿರಲಿಕ್ಕಿಲ್ಲ ಎನ್ನುತ್ತಾರೆ.

ಆ ಆಗಸ್ಟ್ 22ರ ಘಟನೆಯಂತೂ ನಮ್ಮೂರ ಪಂಚಾಯ್ತಿಯಲ್ಲಿ ನಡೆದ ಹಾಗೇ ಇದೆ. ಒಪ್ಪಂದ ಮಾಡಿಕೊಳ್ಳುವಾಗ ಸೆನೆಟ್‌ನ ಸಲಹೆ ಪಡೆಯಬೇಕು ಅಂತ ಸಂವಿಧಾನದಲ್ಲಿದೆ. ವಾಷಿಂಗ್ಟನ್ ಅದನ್ನು ಅಕ್ಷರಶಃ ನಂಬಿದರು. ದಕ್ಷಿಣದ ಮೂಲನಿವಾಸಿಗಳ ಜೊತೆಗಿನ ಒಪ್ಪಂದದ ಕಾಗದ ಹಿಡಿದು ತಾವೇ ಸೆನೆಟ್‌ಗೆ ಹೋಗಿ ಕೂತರು. ಆಡಮ್ಸ್ ಕಾಗದ ಓದಿದರು. ಬೀದಿಯಲ್ಲಿ ಗಾಡಿಗಳ ಸದ್ದು, ಯಾರಿಗೂ ಕೇಳಿಸಲಿಲ್ಲ. ಕಿಟಕಿ ಮುಚ್ಚಿ ಮತ್ತೆ ಓದಿದರು. ಎಲ್ಲರೂ ಸುಮ್ನೆ ಕೂತರು. ಆಮೇಲೆ ಒಬ್ಬರು, ಇದನ್ನು ಒಂದು ಸಮಿತಿಗೆ ಒಪ್ಪಿಸೋಣ ಎಂದರು. ವಾಷಿಂಗ್ಟನ್‌ಗೆ ರೇಗಿಹೋಯಿತು. ನಾನು ಬಂದದ್ದೇ ದಂಡವಾಯಿತು ಅನ್ನುವ ಅರ್ಥದಲ್ಲಿ ಸಿಡುಕಿದರು. ಸೋಮವಾರ ಸಮಾಧಾನವಾಗಿ ಮತ್ತೆ ಬಂದು ಕೆಲಸ ಮುಗಿಸಿದರು, ನಿಜ. ಆದರೆ ಆಮೇಲೆ ಹೀಗೆ ಸಲಹೆ ಕೇಳಲು ಸೆನೆಟ್‌ಗೆ ಕಾಲಿಡಲಿಲ್ಲ. ಇವತ್ತಿನವರೆಗೆ ಯಾವ ಅಧ್ಯಕ್ಷರೂ ಆ ಕೆಲಸಕ್ಕೆ ಹೋಗಿಲ್ಲ. ಸಲಹೆಗೆ ನಾಲ್ಕು ಜನರನ್ನು ಮನೆಗೇ ಕರೆಸಿಕೊಳ್ಳತೊಡಗಿದರು: ಥಾಮಸ್ ಜೆಫರ್ಸನ್, ಅಲೆಕ್ಸಾಂಡರ್ ಹ್ಯಾಮಿಲ್ಟನ್, ನಾಕ್ಸ್, ರಾಂಡಾಲ್ಫ್. ಅದೇ ಕ್ಯಾಬಿನೆಟ್ ಆಯಿತು. ಆ ಪದ ಸಂವಿಧಾನದಲ್ಲಿ ಹುಡುಕಿದರೆ ಸಿಗಲ್ಲ. ಬೀದಿಯ ಗಾಡಿಗಳ ಸದ್ದು ಸ್ವಲ್ಪ ಕಡಿಮೆ ಇದ್ದಿದ್ದರೆ ಈ ದೇಶದ ಆಡಳಿತ ಬೇರೆ ಥರ ಇರುತ್ತಿತ್ತೇನೋ.

ನಾಲ್ಕನೇ ಗುರುವಾರ ಹಿಮ ಬಿದ್ದಿತ್ತು, ಜನ ಅರ್ಧ. ಅವತ್ತಿನ ಕಥೆ ಓನಾ ಜಡ್ಜ್ ಅವರದು.

ರಾಜಧಾನಿ ನ್ಯೂಯಾರ್ಕಿನಿಂದ ಫಿಲಡೆಲ್ಫಿಯಾಕ್ಕೆ ಬಂದಿತ್ತು. ಅಧ್ಯಕ್ಷರ ಮನೆಗೆ ವರ್ಜೀನಿಯಾದ ಅವರ ಸ್ವಂತ ಎಸ್ಟೇಟು ಮೌಂಟ್ ವರ್ನನ್‌ನಿಂದ ಕರೆತಂದ ಗುಲಾಮರಲ್ಲಿ ಓನಾ ಒಬ್ಬರು, ಅಧ್ಯಕ್ಷರ ಹೆಂಡತಿ ಮಾರ್ಥಾ ವಾಷಿಂಗ್ಟನ್‌ಗೆ ಬಟ್ಟೆ ತೊಡಿಸುವ, ಹೊಲಿಗೆ ಮಾಡುವ ಕೆಲಸ. ಪೆನ್ಸಿಲ್ವೇನಿಯಾದಲ್ಲಿ 1780ರ ಒಂದು ಕಾನೂನು ಇತ್ತು. ಹೊರಗಿನಿಂದ ಬಂದು ನೆಲೆಸಿದವರು ಗುಲಾಮರನ್ನು ಆರು ತಿಂಗಳಿಗಿಂತ ಜಾಸ್ತಿ ಅಲ್ಲಿ ಇಟ್ಟುಕೊಂಡರೆ ಆ ಗುಲಾಮರು ಬಿಡುಗಡೆ ಕೇಳಬಹುದು. ಅದಕ್ಕೆ ಏನು ಮಾಡಿದರು ಗೊತ್ತಾ? ಆರು ತಿಂಗಳು ತುಂಬುವ ಮುಂಚೆ ಅವರನ್ನು ರಾಜ್ಯದ ಗಡಿ ದಾಟಿಸಿ ವಾಪಸ್ ತರೋದು. ಲೆಕ್ಕ ಮತ್ತೆ ಒಂದರಿಂದ ಶುರು. 1791ರ ಏಪ್ರಿಲ್‌ನಲ್ಲಿ ಕಾರ್ಯದರ್ಶಿ ಟೋಬಿಯಸ್ ಲಿಯರ್‌ಗೆ ಬರೆದ ಕಾಗದದಲ್ಲಿ ವಾಷಿಂಗ್ಟನ್, ಇದನ್ನು ಅವರಿಗೂ ಜನರಿಗೂ ಗೊತ್ತಾಗದ ಹಾಗೆ ಏನೋ ನೆಪ ಮಾಡಿ ಮಾಡು ಎಂದು ತಿಳಿಸಿದ್ದಾನೆ.

ಇಲ್ಲಿಯವರೆಗೆ ಬಹುವಚನ ಹಾಕಿಕೊಂಡೇ ಬಂದೆ. ಈ ಕಾಗದದ ಹತ್ತಿರ ಬಂದಾಗ ಕೈ ಮುಂದೆ ಹೋಗಲಿಲ್ಲ. ಇಂಗ್ಲಿಷಿನವರಿಗೆ ಈ ತಾಪತ್ರಯ ಇಲ್ಲ. ನಾವು ಬರೆಯುವಾಗ ಪ್ರತಿ ಕ್ರಿಯಾಪದದಲ್ಲೂ ಮರ್ಯಾದೆ ಕೊಡುತ್ತೇವಾ ಇಲ್ಲವಾ ಅಂತ ತೀರ್ಮಾನ ಮಾಡಲೇಬೇಕು.

ಓನಾ ಅವರನ್ನು ಮಾರ್ಥಾಳ ಮೊಮ್ಮಗಳಿಗೆ ಮದುವೆಯ ಉಡುಗೊರೆಯಾಗಿ ಕೊಡುವುದು ಅಂತ ಮಾತಾಗಿತ್ತು. ಅದು ಅವರ ಕಿವಿಗೆ ಬಿತ್ತು. 1796ರ ಮೇ 21ರಂದು, ಯಜಮಾನರು ಊಟಕ್ಕೆ ಕೂತಿದ್ದಾಗ, ಮನೆಯಿಂದ ಹೊರಗೆ ನಡೆದರು. ಹಡಗು ಹತ್ತಿ ನ್ಯೂ ಹ್ಯಾಂಪ್‌ಷೈರ್‌ನ ಪೋರ್ಟ್ಸ್‌ಮತ್ ಸೇರಿದರು. ಹಿಡಿದುಕೊಟ್ಟವರಿಗೆ 10 ಡಾಲರ್ ಅಂತ ಪತ್ರಿಕೆಯಲ್ಲಿ ಜಾಹೀರಾತು ಬಂತು. ಅಧ್ಯಕ್ಷ ಅಲ್ಲಿನ ಸುಂಕದ ಅಧಿಕಾರಿಗೆ ಹೇಳಿಸಿ ವಾಪಸ್ ಕರೆಸಲು ನೋಡಿದ. ಸರ್ಕಾರಿ ನೌಕರ, ಸ್ವಂತ ಕೆಲಸ. ಓನಾ ಬರಲಿಲ್ಲ. ಮದುವೆಯಾದರು, ಮಕ್ಕಳಾದವು, ಗಂಡನೂ ಮಕ್ಕಳೂ ಅವರಿಗಿಂತ ಮುಂಚೆ ತೀರಿಕೊಂಡರು, ಬಡತನ ಕಂಡರು. 1840ರ ದಶಕದಲ್ಲಿ ಇಬ್ಬರು ಪತ್ರಿಕೆಗಾಗಿ ಬಂದು ಮಾತಾಡಿಸಿದ್ದರಿಂದ ಇಷ್ಟು ನಮಗೆ ಗೊತ್ತು. 1848ರಲ್ಲಿ ತೀರಿಕೊಂಡಾಗಲೂ ಕಾನೂನಿನ ಪ್ರಕಾರ ಅವರು ಓಡಿಹೋದ ಗುಲಾಮಳೇ. ವಾಷಿಂಗ್ಟನ್ ಉಯಿಲಿನಲ್ಲಿ ತನ್ನ 123 ಗುಲಾಮರಿಗೆ ಬಿಡುಗಡೆ ಬರೆದ. ಓನಾ ಆ ಲೆಕ್ಕಕ್ಕೆ ಸೇರಿರಲಿಲ್ಲ. ಅವರು ಮಾರ್ಥಾಳ ಮೊದಲ ಗಂಡನ ಆಸ್ತಿಗೆ ಸೇರಿದವರು.

ಹಾಲ್‌ನಲ್ಲಿ ಒಬ್ಬರು ಎದ್ದು, ಆ ಕಾಲದಲ್ಲಿ ಎಲ್ಲರೂ ಹಾಗೇ ಇದ್ದರಲ್ಲವೇ ಎಂದರು. ಪ್ರೊಫೆಸರಮ್ಮ, ಆಡಮ್ಸ್ ಒಬ್ಬ ಗುಲಾಮನನ್ನೂ ಇಟ್ಟುಕೊಂಡಿರಲಿಲ್ಲ ಎಂದರು, ಅಷ್ಟೇ. ನಾನು ಕಾಫಿ ಕಪ್ ನೋಡುತ್ತಾ ಕೂತಿದ್ದೆ. ನಮ್ಮೂರ ಸೊಸೈಟಿಯಲ್ಲಿ ಕೆಲವರು ಹಾಲನ್ನು ಒಳಗೆ ತಂದು ಅಳೆಯಬಾರದು, ಹೊರಗಿನಿಂದಲೇ ಸುರಿಯಬೇಕು ಅನ್ನುವ ಕಾಲ ಇತ್ತು. ಅಪ್ಪ ಅಧ್ಯಕ್ಷರಾಗಿದ್ದ ಕಾಲವೂ ಅದರಲ್ಲಿ ಸೇರಿತ್ತು. ಅಪ್ಪನಿಗೆ ಮಾತ್ರ ನಾನು ಬಹುವಚನ ಬಿಟ್ಟಿಲ್ಲ.

ಕೊನೆಯ ಗುರುವಾರ ವಾಷಿಂಗ್ಟನ್ ಕುರ್ಚಿ ಬಿಟ್ಟ ಕಥೆ. ಎಷ್ಟು ಅವಧಿ ಅಂತ ಆಗ ಕಾನೂನು ಇರಲಿಲ್ಲ. 1796ರ ಸೆಪ್ಟೆಂಬರ್ 19ರ ಫಿಲಡೆಲ್ಫಿಯಾ ಪತ್ರಿಕೆಯೊಂದರಲ್ಲಿ ವಿದಾಯದ ಬರಹ ಬಂತು. ಭಾಷಣ ಅಲ್ಲ, ಸಭೆ ಇಲ್ಲ, ಪೇಪರಿನಲ್ಲಿ ಅಚ್ಚು, ಅಷ್ಟೇ. 1797ರ ಮಾರ್ಚ್ 4ರಂದು ಆಡಮ್ಸ್ ಪ್ರಮಾಣ ಮಾಡುವಾಗ ಪಕ್ಕದಲ್ಲಿದ್ದ ವಾಷಿಂಗ್ಟನ್ ಮುಖದಲ್ಲಿ, ನಾನು ಹೊರಗೆ ಬಿದ್ದೆ, ನೀನು ಒಳಗೆ ಸಿಕ್ಕಿಕೊಂಡೆ, ಯಾರು ಸುಖವಾಗಿರ್ತಾರೆ ನೋಡೋಣ ಅಂತ ಬರೆದ ಹಾಗಿತ್ತು ಅಂತ ಆಡಮ್ಸ್ ಹೆಂಡತಿಗೆ ಕಾಗದ ಹಾಕಿದರು. ನಾಲ್ಕು ವರ್ಷದ ಮೇಲೆ ಸೋತ ಆಡಮ್ಸ್, ಜೆಫರ್ಸನ್ ಪ್ರಮಾಣ ಮಾಡುವ ದಿನ ಬೆಳಗಿನ ಜಾವ ನಾಲ್ಕಕ್ಕೇ ಗಾಡಿ ಹತ್ತಿ ಊರು ಬಿಟ್ಟರು. ಮುಖ ತೋರಿಸಲಿಲ್ಲ. ಆದರೂ ಬಿಟ್ಟರು.

ಆ ರಾತ್ರಿ ಅಮ್ಮನಿಗೆ ವಿಡಿಯೋ ಕಾಲ್ ಮಾಡಿದೆ. ಅಲ್ಲಿ ಬೆಳಗ್ಗೆ. ಪ್ರತಿ ವಾರ ಕಂತಿನಲ್ಲಿ ಕಥೆ ಕೇಳಿದ್ದರು.

"ಬುಟ್ಮೇಲೆ ಏನ್ ಮಾಡುದ್ನಂತವ್ವ?"

"ಊರಿಗೆ ಹೋಗಿ ವಿಸ್ಕಿ ಕಾಯಿಸಿದ, ಅಮ್ಮ."

ಸುಳ್ಳಲ್ಲ. 1794ರಲ್ಲಿ ವಿಸ್ಕಿಯ ತೆರಿಗೆ ಕೊಡಲ್ಲ ಅಂತ ಪೆನ್ಸಿಲ್ವೇನಿಯಾದ ರೈತರು ದಂಗೆ ಎದ್ದಾಗ ಹತ್ತಿರ ಹತ್ತಿರ 13 ಸಾವಿರ ಜನರ ಪಡೆ ಹೊರಡಿಸಿ ವಾಷಿಂಗ್ಟನ್ ತಾನೇ ಕುದುರೆ ಏರಿ ಹೋಗಿದ್ದ. ಪದವಿ ಬಿಟ್ಟ ವರ್ಷವೇ ಮೌಂಟ್ ವರ್ನನ್‌ನಲ್ಲಿ ಸ್ವಂತ ಭಟ್ಟಿ ಶುರು ಮಾಡಿದ. ದುಡಿದವರಲ್ಲಿ ಗುಲಾಮರೂ ಇದ್ದರು. 1799ರಲ್ಲಿ ಅಲ್ಲಿ ಸುಮಾರು 11 ಸಾವಿರ ಗ್ಯಾಲನ್ ತಯಾರಾಯಿತು.

ಅಮ್ಮನಿಗೆ ಗ್ಯಾಲನ್ ಗೊತ್ತಿಲ್ಲ. ಲೀಟರಿನಲ್ಲಿ ಹೇಳು ಎಂದರು. ಫೋನಿನಲ್ಲೇ ಲೆಕ್ಕ ಹಾಕಿದೆ. ವರ್ಷಕ್ಕೆ ನಲವತ್ತು ಸಾವಿರ ಚಿಲ್ಲರೆ.

"ದಿನಕ್ಕೆಷ್ಟು ಬಿತ್ತು?"

"ನೂರ ಹದಿನಾಲ್ಕು ಲೀಟರ್, ಹೆಚ್ಚುಕಮ್ಮಿ."

"ಅಷ್ಟೇಯಾ?" ಎಂದರು ಅಮ್ಮ. "ನಿಮ್ಮಪ್ಪನ ಕಾಲ್ದಲ್ಲಿ ನಮ್ ಸೊಸೈಟೀಲಿ ಒಂದೊತ್ತಿಗೇ ಅದುಕ್ಕಿಂತ ಜಾಸ್ತಿ ಹಾಲ್ ಬತ್ತಿತ್ತು ಕಣವ್ವ."